ಸೀಸೆಯ ಮೇಲಿನ ಚಿತ್ರ

ಅಮೆರಿಕೆಯಲ್ಲಿ ನೆಲೆಸಿರುವ ಮಿತ್ರರೊಬ್ಬರು ಕೆಲವು ವರ್ಷಗಳ ಹಿಂದೆ ಊರಿಗೆ ಬಂದಾಗ ನನಗೊಂದು ಖಾಲಿ ಬಿಯರ್ ಸೀಸೆಯನ್ನು ಕಾಣಿಕೆಯಾಗಿ ತಂದರು. “ನೀವು ಕುಡಿಯುವವರಲ್ಲ. ಅದಕ್ಕೇ ಒಳಗಿನದನ್ನು ನಾನು ಮುಗಿಸಿ ಹೊರಗಿನದನ್ನು ನಿಮಗೆ ತಂದಿದ್ದೇನೆ” ಎಂದರು. ಹೊರಗಿದ್ದುದು ಒಂದು ನಾಯಿಯ ಚಿತ್ರ. ಕಣ್ಣು ಕೆರಳಿ, ಹಲ್ಲು ಕಿರಿದು, ಮೈಯೆಲ್ಲ ಮಸಿ ಸಿಡಿಸಿಕೊಂಡ ನಾಯಿ. ಅಕ್ಷರಗಳೂ ಆ ನಾಯಿಯೇ ಗೀಚಿದಂತೆ ಓರೆಕೋರೆ. ಬರೆದವರು ಇಂಗ್ಲೆಂಡಿನ ವ್ಯಂಗ್ಯಚಿತ್ರಕಾರ ರಾಲ್ಫ್ ಸ್ಟೆಡ್‌ಮನ್. ಬರೆಸಿದ್ದು ೧೯೯೦ರಲ್ಲಿ ಕೊಲೊರಾಡೊದಲ್ಲಿ ಹುಟ್ಟಿದ ಫ್ಲೈಯಿಂಗ್ ಡಾಗ್ ಎಂಬ ಸಣ್ಣ ಬಿಯರ್ ಸಂಸ್ಥೆ.

ಇಂಥ ಸಣ್ಣ ತಯಾರಕರು ಈಗ ತಮ್ಮ ಊರಿನ ಕಲಾವಿದರನ್ನೇ ಕರೆದು, ಕೆಲವೇ ನೂರು ಸೀಸೆಗಳ ಒಂದು ಕಂತಿಗೆಂದು ಲೇಬಲ್ಲು ಬರೆಸುವುದು ಪಶ್ಚಿಮದ ದೇಶಗಳಲ್ಲಿ ವಾಡಿಕೆಯಾಗಿದೆ. ಗಣಕಯಂತ್ರದ ಮುದ್ರಣದಿಂದ ಸ್ವಲ್ಪವೇ ಪ್ರತಿಗಳನ್ನು ಅಚ್ಚುಹಾಕಿಸುವುದೂ ಭಾರವಾಗದಂತಾಗಿದೆ. ಇದು ಕಲೆಯೋ ವ್ಯಾಪಾರವೋ ಎಂಬ ಚರ್ಚೆ ನನಗೆ ಬೇಡ, ಎರಡೂ ಹೌದು. ನಾನು ಕೇಳುವುದು ನಮ್ಮ ಆಲಂಕಾರಿಕರು ಕೇಳುತ್ತಿದ್ದ ಪ್ರಶ್ನೆ, ಔಚಿತ್ಯದ್ದು: ಇದ್ದ ಜಾಗಕ್ಕೆ ಆ ಚಿತ್ರ ಒಪ್ಪುತ್ತದೆಯೇ?

ಒಪ್ಪಿದ ಚಿತ್ರಕ್ಕೆ ಬರ್ಟನ್ ಊರಿನ ಬ್ಯಾಸ್ ಬಿಯರಿನ ಕೆಂಪು ತ್ರಿಕೋನ ಸಾಕ್ಷಿ. ೧೮೭೬ರಲ್ಲಿ ಬ್ರಿಟನ್ನಿನ ಮೊದಲ ವ್ಯಾಪಾರಮುದ್ರೆಯಾಗಿ ದಾಖಲಾದದ್ದು ಅದೇ. ಮೂರು ಗೆರೆ, ಒಂದು ಬಣ್ಣ. ಎಷ್ಟು ದೂರದಿಂದಲೂ, ಎಷ್ಟು ಮಬ್ಬು ಬೆಳಕಿನಲ್ಲಿಯೂ ಗುರುತು ಸಿಕ್ಕುತ್ತದೆ. ಫ್ರಾನ್ಸಿನ ಎಡ್ವರ್ಡ್ ಮಾನೆ ಫೋಲಿ ಬೆರ್ಜೇರ್ ರಂಗಮಂದಿರದ ಪಾನಗೃಹವನ್ನು ಚಿತ್ರಿಸಿದಾಗ ಆ ತ್ರಿಕೋನವನ್ನು ಬಿಡಲಾರದೆ ಹೋದ. ಅಷ್ಟೇ ಅಲ್ಲ, ಎಡ ಅಂಚಿನ ಬೇರೊಂದು ಸೀಸೆಯ ಚೀಟಿಯ ಮೇಲೆ ತನ್ನ ಹೆಸರನ್ನೂ ೧೮೮೨ ಎಂಬ ಇಸವಿಯನ್ನೂ ಬರೆದ. ಮಹಾಕಲಾವಿದನೊಬ್ಬ ತನ್ನ ಅಂಕಿತಕ್ಕೆ ಆರಿಸಿಕೊಂಡ ಜಾಗ ಲೇಬಲ್ಲು!

ಇದಕ್ಕೆ ಬೇರೆಯದೇ ದಾರಿ ಫ್ರಾನ್ಸಿನ ಮೂಟಾನ್ ರಾಥ್‌ಶಿಲ್ಡ್ ದ್ರಾಕ್ಷಾರಸದ್ದು. ಯುದ್ಧ ಮುಗಿದ ೧೯೪೫ರ ಬೆಳೆಯಿಂದ ಮೊದಲ್ಗೊಂಡು ಹೆಚ್ಚುಕಡಿಮೆ ಒಂದೊಂದು ವರ್ಷದ ಸೀಸೆಗೂ ಒಬ್ಬೊಬ್ಬ ಕಲಾವಿದನ ಚಿತ್ರ: ೧೯೭೦ಕ್ಕೆ ಶಗಾಲ್, ೧೯೭೩ಕ್ಕೆ ಪಿಕಾಸೊ. ಸಂಭಾವನೆ ಹಣವಲ್ಲ, ಪೆಟ್ಟಿಗೆಗಟ್ಟಲೆ ದ್ರಾಕ್ಷಾರಸವೇ. ಚಿತ್ರ ಮೇಲುಗಡೆ ಅತಿಥಿಯಂತೆ ಕೂರುತ್ತದೆ. ಮನೆಯ ಹೆಸರು ಕೆಳಗೆ ತನ್ನ ಪಾಡಿಗೆ ಇರುತ್ತದೆ. ಮರ್ಯಾದೆಯ ಏರ್ಪಾಡು. ಆದರೆ ಸಂಗ್ರಾಹಕರು ಆ ಸೀಸೆಗಳನ್ನು ಬಿರಡೆ ತೆಗೆಯದೆ ಇಟ್ಟುಕೊಳ್ಳುತ್ತಾರೆ. ಕುಡಿಯಲೆಂದು ಮಾಡಿದ್ದನ್ನು ಕುಡಿಯದಂತೆ ಮಾಡಿದ ಲೇಬಲ್ಲು ಗೆದ್ದಿತೋ ಸೋತಿತೋ? ಸೋತಿತು ಎಂದೇ ನನ್ನ ಮತ.

ಸ್ಟೆಡ್‌ಮನ್ ಅತಿಥಿಯಾಗಿ ಕೂರುವವರಲ್ಲ. ತೊಂಬತ್ತರ ದಶಕದ ತಮ್ಮ ಮೊದಲ ಲೇಬಲ್ಲಿನಲ್ಲೇ ‘ಒಳ್ಳೆಯ ಬಿಯರು’ ಎಂದು ಬರೆದು, ಅದರ ಪಕ್ಕದಲ್ಲಿ ನಾನಿಲ್ಲಿ ಬರೆಯಲಾರದ ಒಂದು ಮಾತನ್ನು ಸೇರಿಸಿದರು. ಕೊಲೊರಾಡೊದ ಅಧಿಕಾರಿಗಳು ತಡೆದರು. ಸಂಸ್ಥೆ ಆ ಮಾತಿನ ಜಾಗದಲ್ಲಿ ‘ಸೆನ್ಸಾರಿಲ್ಲ’ ಎಂದು ಅಚ್ಚುಹಾಕಿಸಿ ಮಾರಿತು. ವರ್ಷಗಳ ಹೋರಾಟದ ಮೇಲೆ ಮೊದಲಿನ ಮಾತು ಮರಳಿತು. ೨೦೦೯ರಲ್ಲಿ ಮಿಷಿಗನ್ ರಾಜ್ಯ ಇನ್ನೊಂದು ಸೀಸೆಯನ್ನು ತಡೆದಾಗಲೂ ಸಂಸ್ಥೆ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಈ ಎದೆಗಾರಿಕೆಗೆ ನಾನು ತಲೆದೂಗುತ್ತೇನೆ. ಆದರೂ ವಿಮರ್ಶಕನಾಗಿ ಒಂದು ಮಾತು ಹೇಳಲೇಬೇಕು. ತಿಳಿ ಬಿಯರಿಗೂ ಅದೇ ಹಲ್ಲು, ಕಪ್ಪು ಬಿಯರಿಗೂ ಅದೇ ಹಲ್ಲು. ಸೀಸೆಯೊಳಗೆ ಏನಿದೆಯೆಂದು ಆ ನಾಯಿ ಹೇಳುವುದಿಲ್ಲ. ತನ್ನನ್ನು ಬರೆದವರು ಯಾರೆಂದು ಮಾತ್ರ ಬೊಗಳಿ ಹೇಳುತ್ತದೆ.

ಊರಿನ ಕಲಾವಿದನ ಕಷ್ಟ ಇದಕ್ಕೆ ತಿರುವುಮುರುವು. ಸ್ಟೆಡ್‌ಮನ್ನರ ಗೆರೆಗೆ ಅಂಕಿತವೇ ಬೇಡ. ಈತನ ಹೆಸರನ್ನೋ ಯಾರೂ ಅರಿಯರು. ‘ನಮ್ಮೂರ ಕಲಾವಿದರಿಂದ’ ಎಂದು ಅಚ್ಚುಹಾಕಿಸಿ ಆ ಕಲಾವಿದ ಯಾರೆಂದು ಹೇಳದಿದ್ದರೆ, ಊರಿನ ಅಭಿಮಾನವೂ ಮಾರಾಟದ ಸರಕಾಯಿತು ಅಷ್ಟೆ. ಬಾಲ್ಯದಲ್ಲಿ ನಾನು ಕೂಡಿಟ್ಟ ಬೆಂಕಿಪೆಟ್ಟಿಗೆಯ ಚಿತ್ರಗಳು ನೆನಪಾಗುತ್ತವೆ. ಆ ಹುಲಿ, ಆ ನವಿಲು, ಆ ದೀಪ ಇನ್ನೂ ಕಣ್ಣಿಗೆ ಕಟ್ಟಿವೆ. ಬರೆದವರ ಹೆಸರು ಒಂದೂ ಗೊತ್ತಿಲ್ಲ. ಕೆಲವೇ ನೂರು ಸೀಸೆಗಳ ಕಂತಿನಲ್ಲಿ ಸಣ್ಣಕ್ಷರದ ಒಂದು ಹೆಸರಿಗೆ ಜಾಗವಿಲ್ಲವೆಂದರೆ ನಾನು ನಂಬುವುದಿಲ್ಲ.

ನನ್ನ ಸೀಸೆಯ ಕಥೆ ಹೇಳಿ ಮುಗಿಸುತ್ತೇನೆ. ಮನೆಯಾಕೆ ಅದನ್ನು ಬಿಸಿನೀರಿನಲ್ಲಿ ನೆನೆಹಾಕಲು ಹೊರಟಿದ್ದಳು, ಚೀಟಿ ಕಿತ್ತರೆ ಹರಳೆಣ್ಣೆಗೆ ಆದೀತೆಂದು. ನಾಯಿಯ ಮುಖ ನೋಡಿ ಕೈ ತಡೆದಳು. “ಇರಲಿ ಬಿಡಿ, ಇದಕ್ಕೂ ಪಾಪ ಏನೋ ಸಂಕಟ” ಎಂದಳು. ಈಗ ಸೀಸೆಯಲ್ಲಿ ಹರಳೆಣ್ಣೆಯಿದೆ, ಮೇಲೆ ಚಿತ್ರವೂ ಇದೆ. ಎಣ್ಣೆ ಇಳಿದು ನಾಯಿಯ ಒಂದು ಕಿವಿ ಕಪ್ಪಾಗಿದೆ.