ಟಿಎಲ್‌ಡಿಯ ನಡುವಿನ ಎಲ್

ಎಚ್‌ಐವಿ ಚಿಕಿತ್ಸೆಯ ಬಗ್ಗೆ ಈಚೆಗೆ ಯಾರು ಬರೆದರೂ ಡೊಲುಟೆಗ್ರಾವಿರ್‌ನ ಗುಣಗಾನದಿಂದ ಶುರುಮಾಡಿ ಅದರಲ್ಲೇ ಮುಗಿಸುತ್ತಾರೆ. ವೈರಸ್ಸನ್ನು ಬೇಗ ತಗ್ಗಿಸುತ್ತದೆ, ಸುಲಭಕ್ಕೆ ಪ್ರತಿರೋಧ ಹುಟ್ಟಗೊಡುವುದಿಲ್ಲ ಎಂಬ ಮಾತು ನಿಜವೇ. ಆದರೆ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದಲ್ಲಿ ಕೊಡುವ ಟಿಎಲ್‌ಡಿ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಇರುವುದು 50 ಮಿಲಿಗ್ರಾಂ. ಜೊತೆಗೆ ಟೆನೊಫೊವಿರ್ 300, ಲ್ಯಾಮಿವುಡಿನ್ 300. ಈ ಲ್ಯಾಮಿವುಡಿನ್‌ಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಎಂಬುದೇ ನನ್ನ ದೂರು.

2004ರ ಏಪ್ರಿಲ್‌ನಲ್ಲಿ ಸರ್ಕಾರದ ಉಚಿತ ಚಿಕಿತ್ಸೆ ಆರಂಭವಾದಾಗ ಮೊದಲು ಆಯ್ದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಕೆನ್ನೆಯ ಕೊಬ್ಬು ಕರಗಿಸಿ ಪಾದಕ್ಕೆ ಉರಿ ಹಚ್ಚುತ್ತಿದ್ದ ಸ್ಟಾವುಡಿನ್ ಆಮೇಲೆ ಹೋಯಿತು. ರಕ್ತಹೀನತೆ ತರುತ್ತಿದ್ದ ಜಿಡೊವುಡಿನ್ ಹಿಂದೆ ಸರಿಯಿತು. ತಲೆಸುತ್ತು, ಕೆಟ್ಟ ಕನಸುಗಳ ಎಫಾವಿರೆನ್ಜ್ ಕೂಡ ಜಾಗ ಬಿಟ್ಟಿತು. ಔಷಧಗಳ ಮೊದಲಕ್ಷರಗಳಿಂದಾದ ಮಾತ್ರೆಗಳ ಹೆಸರೂ ಬದಲಾಗುತ್ತ ಬಂತು. ಎಸ್‌ಎಲ್‌ಎನ್, ಜೆಡ್‌ಎಲ್‌ಎನ್, ಟಿಎಲ್‌ಇ, ಟಿಎಲ್‌ಡಿ: ಎಲ್ ಮಾತ್ರ ಕದಲಲಿಲ್ಲ.

ಅಗ್ಗ, ಅಡ್ಡಪರಿಣಾಮ ಕಡಿಮೆ, ಅದಕ್ಕೇ ಉಳಿಯಿತು ಎನ್ನುತ್ತಾರೆ. ಇದು ಅರ್ಧ ಸತ್ಯ. ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲು ಮಾಡಿಕೊಳ್ಳುವುದು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವದಿಂದ. ಲ್ಯಾಮಿವುಡಿನ್ ಸಿಟಿಡಿನ್‌ನ ವೇಷದಲ್ಲಿ ಬೆಳೆಯುತ್ತಿರುವ ಡಿಎನ್‌ಎ ಸರಪಳಿಗೆ ಸೇರಿಕೊಳ್ಳುತ್ತದೆ. ಮುಂದಕ್ಕೆ ಕೊಂಡಿಯೇ ಇಲ್ಲದ ರೈಲು ಬೋಗಿಯ ಹಾಗೆ. ನಕಲು ಅಲ್ಲಿಗೇ ನಿಲ್ಲುತ್ತದೆ. (ಡೊಲುಟೆಗ್ರಾವಿರ್‌ನ ಕೆಲಸ ಮುಂದಿನ ಹಂತದ್ದು: ತಯಾರಾದ ಡಿಎನ್‌ಎ ನಮ್ಮ ಜೀವಕೋಶದ ಡಿಎನ್‌ಎಗೆ ಹೊಲಿದುಕೊಳ್ಳದಂತೆ ತಡೆಯುವುದು.) ಲ್ಯಾಮಿವುಡಿನ್‌ನಿಂದ ತಪ್ಪಿಸಿಕೊಳ್ಳಲು ವೈರಸ್ಸಿಗೆ ಒಂದೇ ಬದಲಾವಣೆ ಸಾಕು. ಕಿಣ್ವದ 184ನೇ ಸ್ಥಾನದಲ್ಲಿ ಮೆಥಿಯೊನಿನ್ ಎಂಬ ಅಮೈನೊ ಆಮ್ಲ ಹೋಗಿ ವ್ಯಾಲಿನ್ ಬಂದರೆ ಅದರ ಕವಲು ಔಷಧದ ಉಂಗುರಕ್ಕೆ ಅಡ್ಡ ಬರುತ್ತದೆ. ಇದೇ ಎಂ184ವಿ. ಲ್ಯಾಮಿವುಡಿನ್ ಒಂದನ್ನೇ ಕೊಟ್ಟರೆ ಕೆಲವೇ ವಾರಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ದುರ್ಬಲ ಔಷಧ ಎಂಬ ಹಣೆಪಟ್ಟಿ ಅಂಟಿದ್ದು ಇದರಿಂದಲೇ.

ಆದರೆ ಅದೇ ವ್ಯಾಲಿನ್ ವೈರಸ್ಸಿನ ಕೈಯನ್ನೂ ಕಟ್ಟುತ್ತದೆ. ಬದಲಾದ ಕಿಣ್ವ ನಕಲು ಮಾಡುವುದರಲ್ಲಿ ಮಂದ. ಸರಪಳಿಗೆ ಸೇರಿದ ಜಿಡೊವುಡಿನ್ ಅಥವಾ ಟೆನೊಫೊವಿರನ್ನು ಕಿತ್ತು ಬಿಸಾಡುವ ತಾಕತ್ತೂ ಅದಕ್ಕೆ ಕುಗ್ಗುತ್ತದೆ. ಹೀಗಾಗಿ ಆ ಎರಡಕ್ಕೂ ವೈರಸ್ ಮೊದಲಿಗಿಂತ ಹೆಚ್ಚು ಮಣಿಯುತ್ತದೆ. 2006ರಲ್ಲಿ ಪ್ರಕಟವಾದ ಮಿಲಾನ್‌ನ ಒಂದು ಸಣ್ಣ ಅಧ್ಯಯನ ಈ ವಿಷಯದಲ್ಲಿ ನನಗೆ ಬಹಳ ಮುಖ್ಯ. ಚಿಕಿತ್ಸೆ ವಿಫಲವಾಗಿ ಎಂ184ವಿ ಹೊತ್ತಿದ್ದವರಲ್ಲಿ ಅರ್ಧದಷ್ಟು ಮಂದಿಗೆ ಎಲ್ಲ ಔಷಧ ನಿಲ್ಲಿಸಿದರು, ಉಳಿದವರಿಗೆ ಲ್ಯಾಮಿವುಡಿನ್ ಒಂದನ್ನೇ ಮುಂದುವರಿಸಿದರು. ಪ್ರತಿರೋಧ ಬಂದಾಗಿದೆ ಎಂದ ಮೇಲೆ ಎರಡೂ ಗುಂಪುಗಳ ಗತಿ ಒಂದೇ ಆಗಬೇಕಿತ್ತು. ಹಾಗಾಗಲಿಲ್ಲ. ಲ್ಯಾಮಿವುಡಿನ್ ಬಿಡದವರಲ್ಲಿ ವೈರಸ್ ಏರಿದ್ದೂ ಕಡಿಮೆ, ರೋಗನಿರೋಧಕ ಸಿಡಿ4 ಕೋಶಗಳು ಕುಸಿದದ್ದೂ ಕಡಿಮೆ. ಔಷಧ ಇರುವಷ್ಟು ಕಾಲ ಸೊರಗಿದ ವೈರಸ್ಸೇ ಉಳಿಯುತ್ತದೆ. ತೆಗೆದರೆ ಮೂಲದ ಬಲಿಷ್ಠ ವೈರಸ್ ಮರಳುತ್ತದೆ.

ಪ್ರತಿರೋಧ ಪರೀಕ್ಷೆಯ ವರದಿ ಹಿಡಿದು ಔಷಧಗಳಿಗೆ ಅಂಕ ಹಾಕುವ ಪಂಡಿತರೊಡನೆ ನನ್ನ ಜಗಳ ಇರುವುದು ಇಲ್ಲೇ. ಅವರ ಪಟ್ಟಿಯಲ್ಲಿ ಎಂ184ವಿ ಬಂದರೆ ಲ್ಯಾಮಿವುಡಿನ್‌ಗೆ ಸೊನ್ನೆ. ನಾಡಿಯಾ ಎಂಬ ಪ್ರಯೋಗ ಈ ಲೆಕ್ಕವನ್ನು ಅಲುಗಾಡಿಸಿತು. ಉಗಾಂಡ, ಕೀನ್ಯಾ, ಜಿಂಬಾಬ್ವೆಗಳಲ್ಲಿ ಮೊದಲ ಚಿಕಿತ್ಸೆ ಸೋತವರಲ್ಲಿ ಒಂದು ಗುಂಪಿಗೆ, ಬಹುತೇಕರಲ್ಲಿ ಎಂ184ವಿ ಇದ್ದರೂ, ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಉಳಿಸಿಕೊಂಡೇ ಎರಡನೇ ಚಿಕಿತ್ಸೆ ಕೊಟ್ಟರು. 96 ವಾರಗಳ ಹೊತ್ತಿಗೆ, ಟೆನೊಫೊವಿರ್ ಬಿಟ್ಟು ಜಿಡೊವುಡಿನ್‌ಗೆ ಬದಲಾದವರಿಗಿಂತ ಇವರ ಸ್ಥಿತಿಯೇ ಚೆನ್ನಾಗಿತ್ತು. ಎಲ್ಲರಿಗೂ ಲ್ಯಾಮಿವುಡಿನ್ ಕೊಟ್ಟಿದ್ದರಿಂದ ಅದರ ಪಾಲೆಷ್ಟು ಎಂದು ಈ ಪ್ರಯೋಗ ಬಿಡಿಸಿ ಹೇಳಲಾರದು, ಒಪ್ಪುತ್ತೇನೆ. ಆದರೆ ಸೊನ್ನೆ ಅಂಕದ ಲೆಕ್ಕವನ್ನು ಕಣ್ಣು ಮುಚ್ಚಿ ನಂಬಬಾರದು ಎಂಬ ಸೂಚನೆ ಇದರಲ್ಲಿದೆ.

ಡೊಲುಟೆಗ್ರಾವಿರ್ ಒಂದೇ ಸಾಕು ಎಂಬ ಉತ್ಸಾಹಕ್ಕೆ ನೆದರ್‌ಲ್ಯಾಂಡ್ಸ್‌ನ ಡೊಮೊನೊ ಪ್ರಯೋಗವೇ ಉತ್ತರ. ಚಿಕಿತ್ಸೆಯಿಂದ ವೈರಸ್ ಹತೋಟಿಗೆ ಬಂದಿದ್ದವರಿಗೆ ಡೊಲುಟೆಗ್ರಾವಿರ್ ಒಂದನ್ನೇ ಕೊಟ್ಟಾಗ ಪ್ರತಿರೋಧ ಹುಟ್ಟಿ ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಅದೇ ಡೊಲುಟೆಗ್ರಾವಿರ್‌ಗೆ ಲ್ಯಾಮಿವುಡಿನ್ ಜೊತೆಯಾದ ಜೆಮಿನಿ ಪ್ರಯೋಗಗಳಲ್ಲಿ, ಮೊದಲ ಬಾರಿ ಚಿಕಿತ್ಸೆ ಪಡೆದವರಲ್ಲಿ 48 ವಾರಗಳ ಬಳಿಕ ನೂರಕ್ಕೆ 91 ಮಂದಿಯ ವೈರಸ್ ಹತೋಟಿಯಲ್ಲಿತ್ತು. ಮೂರು ಔಷಧ ಪಡೆದವರಲ್ಲಿ ಅದು 93. ಎರಡೂ ಕಡೆ ಹೊಸ ಪ್ರತಿರೋಧ ಕಾಣಲಿಲ್ಲ. ದುರ್ಬಲ ಎನಿಸಿಕೊಂಡದ್ದು ಜೊತೆಗಿದ್ದದ್ದರಿಂದಲೇ ಬಲಶಾಲಿ ನಿಂತಿತು.

ಔಷಧ ಆರಿಸುವಾಗ ವೈದ್ಯರು ಮೂತ್ರಪಿಂಡ ನೋಡಿ ಟೆನೊಫೊವಿರ್ ನಿರ್ಧರಿಸುತ್ತಾರೆ, ಕ್ಷಯಕ್ಕೆ ರಿಫಾಂಪಿಸಿನ್ ನಡೆಯುತ್ತಿದ್ದರೆ ಡೊಲುಟೆಗ್ರಾವಿರನ್ನು ದಿನಕ್ಕೆ ಎರಡು ಬಾರಿ ಕೊಡುತ್ತಾರೆ. ಲ್ಯಾಮಿವುಡಿನ್ ಬಗ್ಗೆ ಇಂಥ ಯೋಚನೆ ಬೇಕಾಗುವುದು ಅಪರೂಪ; ಅದಕ್ಕೇ ಅದು ಕಣ್ಣಿಗೆ ಬೀಳುವುದಿಲ್ಲ. ಆದರೆ ರೋಗಿಗೆ ಹೆಪಟೈಟಿಸ್ ಬಿ ಕೂಡ ಇದ್ದರೆ ಯಕೃತ್ತನ್ನು ಕಾಯುತ್ತಿರುವುದು ಟೆನೊಫೊವಿರ್ ಮತ್ತು ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಅಲ್ಲ. ಅವೆರಡನ್ನೂ ಒಟ್ಟಿಗೆ ತೆಗೆದರೆ ಯಕೃತ್ತಿನ ಉರಿಯೂತ ಮತ್ತೆ ಭುಗಿಲೇಳಬಹುದು. ಮಾತ್ರೆ ಬದಲಿಸುವ ವೈದ್ಯರು ಮೊದಲು ಹೆಪಟೈಟಿಸ್ ಬಿ ರಕ್ತಪರೀಕ್ಷೆಯ ಫಲಿತಾಂಶ ನೋಡಲೇಬೇಕು.