ಸೆಷನ್ ಲೆಕ್ಕದ ಕ್ರಿಕೆಟ್

ಟಿ20ಯಲ್ಲಿ ಬ್ಯಾಟರ್ ಒಬ್ಬ ನಿಧಾನವಾಗಿ ಆಡಿದರೆ ಅನುಮಾನಪಡುವಂತಿಲ್ಲ. ಪಿಚ್ ಹಾಗಿರಬಹುದು, ಫಾರ್ಮ್ ಕೈಕೊಟ್ಟಿರಬಹುದು. ಫಿಕ್ಸಿಂಗ್‌ಗೆ ಮರೆಯಾಗುವುದೂ ಇದೇ. ಫುಲ್‌ಟಾಸನ್ನು ಮೆತ್ತಗೆ ಬೌಲರ್ ಕೈಗೇ ತಳ್ಳಿ, ಮುಂದಿನ ಎಸೆತಕ್ಕೆ ಜೋರಾಗಿ ಬೀಸಿ ಗಾಳಿಗೆ ಹೊಡೆದರಾಯಿತು. ಪಂದ್ಯ ಸೋಲಲೇಬೇಕೆಂದೇನಿಲ್ಲ. ಬುಕ್ಕಿಗಳು ಗೆಲುವಿನ ಮೇಲಷ್ಟೇ ಅಲ್ಲ, ‘ಸೆಷನ್’ ಮೇಲೂ ಹಣ ಕಟ್ಟಿಸಿಕೊಳ್ಳುತ್ತಾರೆ: ಆರು ಓವರಿಗೆ ಎಷ್ಟು, ಹತ್ತಕ್ಕೆ ಎಷ್ಟು.

2019ರ ಆಗಸ್ಟ್ 31ರಂದು ಮೈಸೂರಿನಲ್ಲಿ ನಡೆದ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಫೈನಲ್‌ನಲ್ಲಿ ಬಳ್ಳಾರಿ ಟಸ್ಕರ್ಸ್ ತಂಡ ಹುಬ್ಬಳ್ಳಿ ಟೈಗರ್ಸ್‌ಗೆ 8 ರನ್‌ಗಳಿಂದ ಸೋತಿತು. ನಿಧಾನವಾಗಿ ಆಡಲು 20 ಲಕ್ಷ ರೂಪಾಯಿ ಪಡೆದರೆಂಬ ಆರೋಪದಲ್ಲಿ ಸಿಸಿಬಿ ಪೊಲೀಸರು ನವೆಂಬರಿನಲ್ಲಿ ಇಬ್ಬರು ಆಟಗಾರರನ್ನು ಬಂಧಿಸಿದರು. 2022ರ ಜನವರಿಯಲ್ಲಿ ಹೈಕೋರ್ಟ್ ಮೊಕದ್ದಮೆಯನ್ನೇ ರದ್ದುಮಾಡಿತು. ಫಿಕ್ಸಿಂಗ್ ನಡೆದರೂ ಅದು ಐಪಿಸಿ 420ರ ವಂಚನೆಯಾಗದು, ಟಿಕೆಟ್ ಕೊಂಡವರು ತಾವಾಗಿಯೇ ಕೊಂಡವರು, ಶಿಸ್ತುಕ್ರಮ ಬಿಸಿಸಿಐಗೆ ಬಿಟ್ಟದ್ದು ಎಂಬುದು ತೀರ್ಪು. ಕಾನೂನಿನ ಅಕ್ಷರಕ್ಕೆ ಸರಿಯೇ ಇರಬಹುದು. ಆದರೆ ನಮ್ಮಂಥವರು ದುಡ್ಡು ಕೊಟ್ಟು ಹೋಗುವುದು ಪೈಪೋಟಿ ನೋಡಲು, ನಾಟಕಕ್ಕಲ್ಲ. ನಾಟಕ ಬೇಕಿದ್ದರೆ ಗುಬ್ಬಿ ಕಂಪನಿಯವರು ಅದನ್ನು ನಾಟಕವೆಂದೇ ಹೇಳಿ ಟಿಕೆಟ್ ಮಾರುತ್ತಿದ್ದರು!

ಬಾಜಿಯ ವಿಷಯದಲ್ಲೂ ಕಾನೂನಿನ ಲೆಕ್ಕ ವಿಚಿತ್ರ. ಕುಣಿಗಲ್ ಫಾರಂನಲ್ಲಿ ಹುಟ್ಟಿದ ಕುದುರೆಯ ಮೇಲೆ ರೇಸ್‌ಕೋರ್ಸಿನಲ್ಲಿ ಬಾಜಿ ಕಟ್ಟಿದರೆ ತಪ್ಪಿಲ್ಲ. ರೇಸ್ ಕೌಶಲದ ಆಟವೆಂದು 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಟೀ ಅಂಗಡಿಯಲ್ಲಿ ಮೊಬೈಲ್ ಹಿಡಿದು ಕ್ರಿಕೆಟ್‌ಗೆ ಕಟ್ಟುವವನು ಪೊಲೀಸರಿಗೆ ಹೆದರಬೇಕು. ಆಟವನ್ನೇ ಮಾರಿದವನಿಗೆ ಮಾತ್ರ ಶಿಸ್ತು ಸಮಿತಿ ಸಾಕು.

ಫಿಕ್ಸಿಂಗ್ ಹಳೆಯ ಕಾಯಿಲೆ. ಅಮೆರಿಕದ ಓಹಾಯೊದಲ್ಲಿ ಕ್ಯಾಂಟನ್, ಮ್ಯಾಸಿಲನ್ ಎಂಬ ಎರಡು ಊರುಗಳಿವೆ, ತುಮಕೂರಿಗೆ ಗುಬ್ಬಿ ಇರುವುದಕ್ಕಿಂತ ಹತ್ತಿರ. 1906ರ ನವೆಂಬರಿನಲ್ಲಿ ಇವೆರಡರ ವೃತ್ತಿಪರ ಫುಟ್‌ಬಾಲ್ ತಂಡಗಳು ಎರಡು ಪಂದ್ಯ ಆಡಿದವು. ಮೊದಲನೆಯದು ಕ್ಯಾಂಟನ್‌ಗೆ, ಎರಡನೆಯದು ಮ್ಯಾಸಿಲನ್‌ಗೆ. ಊರವರು ಧಾರಾಳವಾಗಿ ಪಣ ಕಟ್ಟಿದ್ದರು. ಪಂದ್ಯ ಮಾರಾಟಕ್ಕಿತ್ತೆಂದು ಮ್ಯಾಸಿಲನ್‌ನ ಪತ್ರಿಕೆ ಕ್ಯಾಂಟನ್ ಕೋಚ್ ಬ್ಲಾಂಡಿ ವ್ಯಾಲೇಸ್ ಕಡೆ ಬೆರಳು ತೋರಿಸಿತು. ಆರೋಪ ಸಾಬೀತಾಗಲಿಲ್ಲ, ಆದರೂ ಕ್ಯಾಂಟನ್‌ನ ವೃತ್ತಿಪರ ಫುಟ್‌ಬಾಲ್ ಕೆಲವು ವರ್ಷ ಮೇಲೇಳಲಿಲ್ಲ. ಕೆಪಿಎಲ್ ಕೂಡ ಆ ಹೆಸರಿನಲ್ಲಿ ಮರಳಲಿಲ್ಲ. 2022ರಲ್ಲಿ ಬಂದದ್ದು ಮಹಾರಾಜ ಟ್ರೋಫಿ.

ಫಿಕ್ಸಿಂಗ್ ಅನ್ನು ಅಪರಾಧವಾಗಿಸಿ ಎಂದು ಕಾನೂನು ಆಯೋಗ 2018ರಲ್ಲೇ ಶಿಫಾರಸು ಮಾಡಿತ್ತು. ಶ್ರೀಲಂಕಾ 2019ರಲ್ಲಿ ಕಾಯ್ದೆಯನ್ನೇ ತಂದಿತು. ಸಂವಿಧಾನದ ರಾಜ್ಯಪಟ್ಟಿಯಲ್ಲಿ ಕ್ರೀಡೆ 33ನೆಯದು, ಪಣ ಮತ್ತು ಜೂಜು 34ನೆಯದು. ಹಾಗಾಗಿ ವಿಧಾನಸೌಧ ದೆಹಲಿಯ ದಾರಿ ಕಾಯಬೇಕಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್‌ನ ಶಾಸಕರೇ, ಮುಂದಿನ ಅಧಿವೇಶನದಲ್ಲಿ ಒಂದು ಮಾತು ಎತ್ತಿ.