ನಾಮಫಲಕಕ್ಕೆಷ್ಟು ದರ?

ದಾನಿಯ ಹೆಸರು ಕೆತ್ತಿಸುವ ಪದ್ಧತಿ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ದರಿಬಡಚಿಯವರಿಗೆ ಹೊಸದಲ್ಲ. ಅದೇ ತಾಲ್ಲೂಕಿನ ಗುಡ್ಡಾಪುರದಲ್ಲಿ ನೆಲೆಸಿದ ಶರಣೆಯ ಹೆಸರೇ ದಾನಮ್ಮ. ಗುಡಿಯ ಮೆಟ್ಟಿಲು, ಶಾಲೆಯ ಕೋಣೆ, ಕೂರುವ ಕಲ್ಲುಬೆಂಚು, ಎಲ್ಲದರ ಮೇಲೂ ಕೊಟ್ಟವರ ಹೆಸರು ಕಾಣುವ ಸೀಮೆಯಿದು. ಹಾಗಂತ ಆ ಹೆಸರಿನಿಂದ ಗುಡಿಯನ್ನು ಯಾರೂ ಕರೆಯುವುದಿಲ್ಲ. ಈಗ ಕಂಪನಿಗಳು ಕೇಳುತ್ತಿರುವುದು ಬೆಂಚಿನ ಮೇಲಿನ ನಾಲ್ಕು ಅಕ್ಷರವನ್ನಲ್ಲ, ಜಾಗದ ಹೆಸರನ್ನೇ.

ಬೆಂಗಳೂರು ಇದಕ್ಕೆ ಒಪ್ಪಿಕೊಂಡಾಗಿದೆ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ನಮ್ಮ ಮೆಟ್ರೋದ ಹಳದಿ ಮಾರ್ಗದಲ್ಲಿ ಕೋನಪ್ಪನ ಅಗ್ರಹಾರ ನಿಲ್ದಾಣದ ಹೆಸರಿಗೆ ಮೊದಲು ಇನ್ಫೋಸಿಸ್ ಫೌಂಡೇಶನ್, ಹೆಬ್ಬಗೋಡಿ ನಿಲ್ದಾಣದ ಹೆಸರಿಗೆ ಮೊದಲು ಬಯೋಕಾನ್ ಸೇರಿಕೊಂಡಿವೆ. ಮೊದಲನೆಯದಕ್ಕೆ 200 ಕೋಟಿ, ಎರಡನೆಯದಕ್ಕೆ 65 ಕೋಟಿ ರೂಪಾಯಿಯ ನೆರವು ಘೋಷಣೆಯಾಗಿತ್ತು. ಸಣ್ಣ ಮೊತ್ತವೇನಲ್ಲ. ಆದರೆ ಇಡೀ ಮಾರ್ಗದ ವೆಚ್ಚ ಸುಮಾರು 7,160 ಕೋಟಿ. ಎರಡನ್ನೂ ಕೂಡಿಸಿದರೂ ನೂರಕ್ಕೆ ನಾಲ್ಕು ತುಂಬುವುದಿಲ್ಲ. ಉಳಿದ ಪಾಲಿನ ಬಹುಭಾಗಕ್ಕೆ ತೆರಿಗೆ ಕಟ್ಟುವವರು, ಟಿಕೆಟ್ ಕೊಳ್ಳುವವರು ಹೊಣೆ. ಅವರ ಹೆಸರಿಗೆ ಫಲಕವಿಲ್ಲ. ಹಾಗಿದ್ದರೂ ಊರ ಹೆಸರು ಪೂರ್ತಿ ಅಳಿಸಿಹೋಗದಂತೆ ಉಳಿಸಿಕೊಂಡದ್ದು ಮೆಚ್ಚಬೇಕಾದ ಮಾತು. ಅದು ಎರಡನೆಯ ಸ್ಥಾನಕ್ಕೆ ಸರಿದದ್ದು ಮಾತ್ರ ಸರಿಯಲ್ಲ.

ಹೆಸರಿಡುವುದೇ ತಪ್ಪೆಂದು ಹಟ ಹಿಡಿಯಲೂ ಆಗದು. ಚನ್ನಗಿರಿಯ ಶಾಂತಿಸಾಗರ ಕೆರೆಗೆ ಅದನ್ನು ಕಟ್ಟಿಸಿದ ಶಾಂತವ್ವೆಯ ಹೆಸರು ಬಂತೆನ್ನುತ್ತದೆ ಐತಿಹ್ಯ. ಆದರೆ ಆಕೆ ಕೆರೆಯನ್ನೇ ಕೊಟ್ಟವಳು, ನೂರಕ್ಕೆ ನಾಲ್ಕನ್ನಲ್ಲ.

ನಗರದ ನಡುವಿನ ಉದ್ಯಾನಕ್ಕೆ ಕಂಪನಿಗಳ ಹಣ ತಂದರೆ ಏನಾಗುತ್ತದೆ ಎಂಬುದನ್ನು ಷಿಕಾಗೊದ ಮಿಲೇನಿಯಂ ಪಾರ್ಕಿನಲ್ಲಿ ನೋಡಬೇಕು. 2004ರಲ್ಲಿ ತೆರೆದ ಈ ಉದ್ಯಾನಕ್ಕೆ ಸುಮಾರು 47.5 ಕೋಟಿ ಡಾಲರ್ ತಗುಲಿತು. ಅರ್ಧಕ್ಕಿಂತ ಹೆಚ್ಚು ನಗರದ ಹಣ, ಉಳಿದದ್ದು ದಾನಿಗಳದು. ಉದ್ಯಾನ ಸುಂದರವಾಗಿದೆ, ಜನ ಕಿಕ್ಕಿರಿದು ಬರುತ್ತಾರೆ. ದಾನಿಗಳಿಲ್ಲದೆ ಅದು ಆ ಮಟ್ಟಕ್ಕೆ ಏರುತ್ತಿರಲಿಲ್ಲ. ಹೆಸರುಗಳ ಕತೆಯೇ ಬೇರೆ. ಅಮೆರಿಟೆಕ್ ಪ್ಲಾಜಾ ಎಂದಿದ್ದದ್ದು ಎಸ್‌ಬಿಸಿ ಪ್ಲಾಜಾ ಆಯಿತು, ಆಮೇಲೆ ಎಟಿ ಆ್ಯಂಡ್ ಟಿ ಪ್ಲಾಜಾ. ಬ್ಯಾಂಕ್ ಒನ್ ಹೆಸರಿನ ಹಾದಿ ಚೇಸ್ ಹಾದಿಯಾಯಿತು. ಉದ್ಯಾನದಲ್ಲಿ ಒಂದು ಕಲ್ಲೂ ಕದಲಲಿಲ್ಲ, ಕಂಪನಿಗಳು ಕೈ ಬದಲಾಯಿಸಿದವು ಅಷ್ಟೆ. ಫ್ರಾಂಕ್ ಗೆಹ್ರಿ ವಿನ್ಯಾಸದ ಚೆಂದದ ಕಾಲುಸೇತುವೆಗೆ ತೈಲ ಕಂಪನಿ ಬಿಪಿಯ ಹೆಸರಿತ್ತು. 2010ರಲ್ಲಿ ಮೆಕ್ಸಿಕೊ ಕೊಲ್ಲಿಗೆ ಅದೇ ಕಂಪನಿಯ ಬಾವಿಯಿಂದ ತೈಲ ಸೋರಿದಾಗ ಆ ಹೆಸರು ಸೇತುವೆಯ ಮೇಲೇ ಇತ್ತು. 2005ರ ಸೆಪ್ಟೆಂಬರಿನಲ್ಲಂತೂ ಟೊಯೊಟಾ ಎಂಟು ಲಕ್ಷ ಡಾಲರ್ ಕೊಟ್ಟು ಒಂದು ದಿನದ ಮಟ್ಟಿಗೆ ಉದ್ಯಾನವನ್ನೇ ಬಾಡಿಗೆಗೆ ಪಡೆಯಿತು. ಹಣ ಹಾಕಿದ ನಗರವಾಸಿಗಳು ಆ ದಿನ ಗೇಟಿನ ಹೊರಗೆ!

ಜನರ ನಾಲಿಗೆಯಂತೂ ಯಾರ ಆದೇಶಕ್ಕೂ ಬಗ್ಗುವುದಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿಗೆ 1927ರಲ್ಲೇ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಹೆಸರಿಟ್ಟದ್ದಾಯಿತು. ಪಕ್ಕದ ಮೆಟ್ರೋ ನಿಲ್ದಾಣ ಇಂದಿಗೂ ಕಬ್ಬನ್ ಪಾರ್ಕ್. ಅರಸರಿಗೇ ದಕ್ಕದ್ದು ಕಂಪನಿಗೆ ದಕ್ಕೀತೆಂಬ ಭರವಸೆ ಯಾರು ಕೊಡಬಲ್ಲರು?

ಇದರಲ್ಲಿ ಕಾನೂನಿನ ಎಳೆಯೂ ಇದೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಸರಕು, ಸೇವೆಗಳ ಮಾರುಕಟ್ಟೆಗೆ ಲಾಭ ತರುವ ಪ್ರಾಯೋಜಕತ್ವವನ್ನು ಈ ಲೆಕ್ಕಕ್ಕೆ ಹಿಡಿಯುವಂತಿಲ್ಲ ಎನ್ನುತ್ತದೆ 2021ರಲ್ಲಿ ತಿದ್ದಿದ ನಿಯಮ. ಉದ್ಯಾನದ ಹೆಬ್ಬಾಗಿಲ ಮೇಲೆ ಕಂಪನಿಯ ಲಾಂಛನ ದೀಪ ಹಚ್ಚಿಕೊಂಡು ನಿಂತರೆ ಅದನ್ನು ದೇಣಿಗೆ ಎನ್ನಬೇಕೋ ಜಾಹೀರಾತು ಎನ್ನಬೇಕೋ? ಜಾಹೀರಾತಾದರೆ ಅದಕ್ಕೆ ಜಾಹೀರಾತಿನ ದರವನ್ನೇ ಕೇಳಬೇಕು, ವರ್ಷ ವರ್ಷವೂ.

ಜತ್ತಕ್ಕೂ ಈಗ ನಗರ ಪರಿಷತ್ತಿದೆ. ನಾಳೆ ಅಲ್ಲೊಂದು ಉದ್ಯಾನವಾಗಿ, ಯಾವುದೋ ಕಂಪನಿ ಹಣದ ಚೀಲ ಹಿಡಿದು ಬಂದರೆ ದರಿಬಡಚಿಯವರೂ ಸಾಂಗ್ಲಿಯವರೂ ಬಾಗಿಲು ಹಾಕಬೇಕಿಲ್ಲ. ಬೆಂಚಿಗೆ, ಕಾರಂಜಿಗೆ, ನೆರಳಿನ ಚಪ್ಪರಕ್ಕೆ ಆ ಕಂಪನಿಯ ಹೆಸರು ಬರಲಿ. ಉದ್ಯಾನದ ಹೆಸರು ಊರಿನದಾಗಿರಲಿ. ಕೊಟ್ಟದ್ದೆಷ್ಟು, ಎಷ್ಟು ವರ್ಷಕ್ಕೆ, ಬದಲಿಗೆ ಪಡೆದದ್ದೇನು ಎಂಬ ಕರಾರನ್ನು ಮರಾಠಿಯಲ್ಲೂ ಕನ್ನಡದಲ್ಲೂ ಗೇಟಿನ ಬಳಿಯೇ ತೂಗುಹಾಕುವಂತೆ ಪರಿಷತ್ತನ್ನು ಒತ್ತಾಯಿಸಿ.